ಆರಿದ ಗ್ಯಾಲಕ್ಸಿಗೆ ಒಂದು ಶಾಲು

ಡೊಂಬಿವಲಿ ಸ್ಟೇಷನ್ ಹತ್ತಿರ ನನ್ನದೊಂದು ಹೋಟೆಲಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಲೋಟ ತೊಳೆಯುವಲ್ಲಿಂದ ಗಲ್ಲಾಪೆಟ್ಟಿಗೆಯವರೆಗೆ ಬಂದವನು ನಾನು. ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಮಗಳು ಖಗೋಳಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅದನ್ನಂತೂ ಯಾರೂ ಕೇಳದೆಯೇ ಹೇಳುತ್ತೇನೆ.

ಅವಳು ನೋಡುವುದು ಬಹಳ ದೂರದ, ಹೊಸ ನಕ್ಷತ್ರ ಹುಟ್ಟುವುದು ಎಂದೋ ನಿಂತುಹೋದ ಗ್ಯಾಲಕ್ಸಿಗಳನ್ನು. ನಕ್ಷತ್ರವಾಗಲು ತಣ್ಣನೆಯ ಅನಿಲ ಬೇಕು. ಅದು ಮುಗಿದದ್ದಕ್ಕೇ ಹುಟ್ಟು ನಿಂತಿದೆ ಎಂದು ಅವಳೂ ಎಣಿಸಿದ್ದಳು. ಅಷ್ಟರಲ್ಲಿ ಅಂಥ ಒಂದರ ಕಡೆಯಿಂದ ತಣ್ಣನೆಯ ಧೂಳಿನ ಮಂದ ಬೆಳಕು ಬಂತು. ಧೂಳಿದ್ದಲ್ಲಿ ಅನಿಲವೂ ಇರುತ್ತದಂತೆ; ಅಂದರೆ ಅದು ಮುಗಿದೇ ಇಲ್ಲ.

ಮಗಳು ದೊಡ್ಡದೇನೋ ಕಂಡುಹಿಡಿದಳೆಂದು ಮರುದಿನವೇ ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೆ ಹೇಳಿಬಿಟ್ಟೆ. ಅವರು ವಾರ್ಷಿಕೋತ್ಸವಕ್ಕೆ ಅವಳಿಗೆ ಶಾಲು, ಹಾರದ ಸನ್ಮಾನ ನಿಶ್ಚಯಿಸಿಯೇಬಿಟ್ಟರು.

ಮಗಳು ಹಣೆ ಹಿಡಿದುಕೊಂಡಳು. "ಪಪ್ಪಾ, ಅಭೀ ಪಕ್ಕಾ ನಹೀ ಹೈ! ಬದಿಯಲ್ಲೇ ಇನ್ನೊಂದು ಗ್ಯಾಲಕ್ಸಿ ಉಂಟು, ಫೋಟೋ ಮಸುಕು. ಧೂಳು ಅದರದ್ದಾದ್ರೆ ನನ್ನ ಕೆಲಸ ಪೂರಾ ಹೋಯ್ತು."

ಪಕ್ಕದ ಮನೆಯ ಒಗ್ಗರಣೆ ವಾಸನೆ ನಂಬಿ ನಾನು ಊರಿಗೆಲ್ಲ ಊಟಕ್ಕೆ ಹೇಳಿದ ಹಾಗಾಯಿತು. ಸ್ಪಷ್ಟವಾದ ಚಿತ್ರ ಬರುವವರೆಗೆ ಅವಳಿಗೆ ಊಟ ಸೇರಲಿಲ್ಲ. ನಾನು ಅಧ್ಯಕ್ಷರ ಫೋನ್ ಎತ್ತಲಿಲ್ಲ. ಅವರು ಚಹಾಕ್ಕೆ ಬಂದರೆ ಒಳಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತೆ. ಸನ್ಮಾನ ಬೇಡ ಎನ್ನಲು ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ, ಊಟದ ಗಲಾಟೆ ಇಳಿದ ಮೇಲೆ, ಅವಳು ಲ್ಯಾಪ್‌ಟಾಪ್ ತೆರೆದುಕೊಂಡೇ ಒಳಗೆ ಬಂದಳು.

"ನಮ್ಮದೇ, ಪಪ್ಪಾ! ಧೂಳು ನಮ್ಮದೇ!"

ಸ್ಟೂಲ್ ಎಳೆದು ಅವಳ ಪಕ್ಕ ಕೂತೆ. ಇಷ್ಟು ಹಗುರಾಗಿ ಉಸಿರಾಡದೆ ಎಷ್ಟು ದಿನವಾಗಿತ್ತೋ.

"ಸಾಮಾನು ಇದ್ದೂ ನಕ್ಷತ್ರ ಯಾಕಾಗುದಿಲ್ಲ? ಹಿಟ್ಟು ಉಂಟು, ಕಾವಲಿ ಕಾಯಲಿಲ್ಲವಾ?"

"ಉಲ್ಟಾ, ಪಪ್ಪಾ. ಅಲ್ಲಿ ತಣ್ಣಗಿದ್ದರೇ ಆಗುದು. ಆದರೂ ಯಾಕೆ ಆಗ್ತಿಲ್ಲ ಅಂತ ಇನ್ನು ನೋಡ್ಬೇಕು."

ಕೂಡಲೇ ಫೋನ್ ಮಾಡಿದೆ. ಅಧ್ಯಕ್ಷರು ಬೈದರು: "ಎಲ್ಲಿ ಸತ್ತಿದ್ರಿ ಮಾರಾಯ್ರೆ? ಬ್ಯಾನರಿಗೆ ಮಗಳ ಫೋಟೋ ಬೇಕಿತ್ತು."

"ಈಗಲೇ ಕಳಿಸ್ತೇನೆ."

"ಗ್ಯಾಲಕ್ಸಿದೂ ಕಳಿಸಿ," ಎಂದಳು ಮಗಳು. ಬಹಳ ದಿನಗಳ ಮೇಲೆ ಅವಳ ಮುಂದೆ ಬಿಸಿ ಇಡ್ಲಿಯ ತಟ್ಟೆಯಿತ್ತು.

ವಾರ್ಷಿಕೋತ್ಸವದ ದಿನ ಬ್ಯಾನರಿನಲ್ಲಿ ಅವಳ ಪಕ್ಕ ಒಂದು ಮಸುಕು ಚುಕ್ಕೆ. ಪ್ರಿಂಟಿಂಗ್ ತಪ್ಪಾಯಿತಾ ಎಂದು ಕೇಳಿದವರಿಗೆಲ್ಲ, ಅವಳಿಗೆ ಸಿಕ್ಕಿದ ಶಾಲಿನ ಪೊಟ್ಟಣ ಹಿಡಿದುಕೊಂಡು, ನಾನೇ ವಿವರಿಸಿದೆ.