ಸಪ್ಪನೆಯ ಮಣ್ಣು

ಇವತ್ತು ಬೇಳೆಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದೆ. ಸಪ್ಪಗಿತ್ತು. ನನ್ನ ಅಡುಗೆಗೆ ಅದು ಹೊಸ ದೂರೇನಲ್ಲ ಬಿಡಿ. ಆದರೆ ಅಂಗೈ ನೆಕ್ಕಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅತ್ತೆ, ಮತ್ತು ಕಾಗವಾಡದ ಬಳಿಯ ಅವರ ಎರಡೆಕರೆ ಹೊಲ.

ಮದುವೆಯಾಗಿ ಬಂದ ವರ್ಷ, ಒಂದು ಬೆಳಿಗ್ಗೆ ಆ ಹೊಲದ ತುಂಬ ಬೆಳ್ಳಗೆ ಹರಡಿದ್ದು ಕಂಡೆ. ಸಿಸ್ಟರ್‌ಗಳ ಶಾಲೆಯಲ್ಲಿ ಹಿಮದ ಪದ್ಯ ಬಾಯಿಪಾಠ ಮಾಡಿದವಳು ನಾನು. "ಎಷ್ಟ ಚಂದ ಐತ್ರಿ ಅತ್ತ್ಯಾರ, ಮಂಜು ಬಿದ್ದಂಗ" ಎಂದುಬಿಟ್ಟೆ. ಅತ್ತೆ ಬಾಗಿ, ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಪಕ್ಕಕ್ಕೆ ಉಗುಳಿದರು. "ಮಂಜಲ್ಲವಾ, ಸವಳು. ಮಣ್ಣಾಗಿನ ಉಪ್ಪು ಮ್ಯಾಲ ಬಂದೈತಿ. ಕಬ್ಬಿಗಿ ನೀರ ಕುಡಿಸಿ ಕುಡಿಸಿ ಹೊಲಾನ ಕೆಡಿಸೇವಿ."

ಮೈದುನನಿಗೆ ಅದನ್ನು ಧಾಬಾದವರಿಗೆ ಮಾರಿಬಿಡುವ ಅವಸರ. "ಮೂರ ಮಳಿಗಾಲ ಕೊಡಪಾ. ಆಮ್ಯಾಲೂ ಉಪ್ಪಾಗೇ ಇದ್ದರ ನಾನ ಸಹಿ ಮಾಡ್ತೀನಿ" ಎಂದರು ಅತ್ತೆ.

"ಅಲ್ಲೀತನ ಉಪ್ಪ ನೆಕ್ಕೊಂತ ಕುಂದ್ರು" ಎಂದು ಅವನು ನಕ್ಕ.

ಅತ್ತೆ ಕಬ್ಬು ಬಿಟ್ಟರು. ನೀರು ಬಸಿದುಹೋಗಲು ಅಂಚಿಗೆ ಆಳದ ಕಾಲುವೆ ತೋಡಿಸಿದರು. ಪ್ರತಿ ಮಳೆಗಾಲಕ್ಕೂ ಡಯಂಚಾ ಎಂಬ ಹಸಿರುಗೊಬ್ಬರದ ಗಿಡ ಬಿತ್ತಿ, ಎದೆಯೆತ್ತರ ಬೆಳೆದ ಹಸಿರನ್ನು ಹಾಗೇ ಮಣ್ಣಿಗೆ ಮಗುಚಿಸಿದರು. ಕಬ್ಬು ಕಡಿದ ಮೇಲೆ ಊರವರು ಸುಡುವ ಒಣಗರಿ, ಅಂದರೆ ರವದಿ, ಕರಿ ಎಳೆಗಳಾಗಿ ನಾನು ಒಣಹಾಕಿದ ಬಿಳಿ ಅಂಗಿಗಳ ಮೇಲೆ ಬೀಳುತ್ತಿತ್ತು. ಸುಡುವ ಮೊದಲೇ ಅದನ್ನೂ ಬೇಡಿ ತಂದು ಹೊಲಕ್ಕೆ ಹಾಸಿದರು. "ಸುಟ್ಟರ ಮುಗಲಿಗಿ ಹೋಗ್ತೈತಿ. ಇಲ್ಲೇ ಕೊಳೀಲಿ, ಮಣ್ಣಿನ ಹೊಟ್ಟಿಯರೆ ತುಂಬ್ತೈತಿ."

ಹಾಸಲು ಬರುತ್ತಿದ್ದವಳು, ಮೊದಲು ಇದೇ ಹೊಲದಲ್ಲಿ ದುಡಿಯುತ್ತಿದ್ದ ಕಾಶವ್ವ. ಹೊಲ ಕೆಟ್ಟ ಮೇಲೆ ಅವಳು ಟೆಂಪೋದಲ್ಲಿ ನಿಂತುಕೊಂಡೇ ಮಿರಜಿನ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. "ಅಕ್ಕಾರ, ಈ ಹೊಲ ಬದುಕಿದ್ರ ನನಗ ಟೆಂಪೋದ ಕಾಟ ತಪ್ಪತೈತಿ ನೋಡ್ರಿ" ಎನ್ನುತ್ತಿದ್ದಳು.

ಮೂರನೆಯ ಮಳೆಗಾಲ ಮುಗಿದಾಗ ನಾವೆಲ್ಲ ಹೊಲದಲ್ಲಿ ನಿಂತಿದ್ದೆವು. ಅತ್ತೆ ಚಿಟಿಕೆ ಮಣ್ಣನ್ನು ನನ್ನ ಅಂಗೈಗೆ ಇಟ್ಟರು. "ನೀ ನೋಡವಾ. ನನ್ನ ನಾಲಿಗಿ ನನ್ನ ಕಡೀನ ಮಾತಾಡ್ತೈತಿ."

"ವೈನಿಗಿ ಉಪ್ಪೆಲ್ಲಿ ತಿಳೀತೈತಿ? ಸಾರು ಉಂಡಿಲ್ಲೇನ ನಾವು?" ಎಂದ ಮೈದುನ.

ಕಣ್ಣು ಮುಚ್ಚಿ ನಾಲಿಗೆಗಿಟ್ಟೆ. "ಸಪ್ಪ ಐತ್ರಿ" ಎಂದೆ. ನಂಬದೆ ಅವನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ಧಾಬಾದ ಮಾತೆತ್ತಲಿಲ್ಲ. ಕಾಶವ್ವ ಸೆರಗು ಸಿಕ್ಕಿಸಿಕೊಂಡು, "ಏನ ಬಿತ್ತೂದ್ರಿ ಅಕ್ಕಾರ?" ಎಂದಳು.

ಇವತ್ತಿನ ಬೇಳೆ ಅದೇ ಹೊಲದ್ದು. ಉಪ್ಪಿನ ಡಬ್ಬಿ ತೆರೆದವಳು, ಹಾಕುವ ಮೊದಲು ಇನ್ನೆರಡು ಹನಿ ಸಪ್ಪಗೇ ಸವಿದೆ.