ಸಾಬರು ಕೊಡದ ಕ್ಲಾಂಪು

ಮಂಜಪ್ಪ ಭಾವ, ನಿಮ್ಮ ಬಲಗೈ ಜಜ್ಜಿಹೋದ ದಿನ ನಾವು ಬಳಸಿದ ಕ್ಲಾಂಪು ತೀರ್ಥಹಳ್ಳಿಯ ಹುಸೇನ್ ಸಾಬರದ್ದಲ್ಲ. ಅವರು ಅದನ್ನು ಕೊಟ್ಟಿರಲಿಲ್ಲ — ನಾನು ಕೇಳಿಯೇ ಇರಲಿಲ್ಲ. ಅವರದ್ದೆಂದು ನಿಮಗೆ ಹೇಳಿದ್ದು ಸುಳ್ಳು. ಆಸ್ಪತ್ರೆಯಲ್ಲಿ ಅವರ ಮುಖಕ್ಕೇ ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು.

ಇಷ್ಟು ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಉಳಿದದ್ದನ್ನೂ ಬರೆಯುತ್ತೇನೆ.

ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸ ಮುಗಿದು ಎಂಜಿನಿಯರುಗಳೆಲ್ಲ ಊರು ಬಿಡುತ್ತಿದ್ದ ಕಾಲ. ಅವರಲ್ಲೊಬ್ಬರ ಹಳೆಯ ಕಾರನ್ನು ನಾನು ಕೊಂಡೆ. ಹೊಸನಗರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಸ್ವಂತ ಕಾರು! ಆ ಜಂಬ ನನಗಿತ್ತು, ಇಲ್ಲವೆನ್ನಲಾರೆ. ವರ್ಷದೊಳಗೆ ಮುಂದಿನ ಎಡಗಡೆಯ ಸ್ಪ್ರಿಂಗು ಕುಸಿದು ಕಾರು ಕುಂಟತೊಡಗಿತು. ಅಣೆಕಟ್ಟೆಯ ವರ್ಕ್‌ಶಾಪಿನಲ್ಲಿ ಲಾರಿಗಳನ್ನು ಬಿಚ್ಚಿ ಜೋಡಿಸಿದವರು ನೀವು. "ಹೊಸ ಸ್ಪ್ರಿಂಗ್ ತರಿಸಿಡು, ಮನೇಲೇ ಹಾಕಣ. ಭಾನುವಾರ ಸಾಗರದಿಂದ ಬರ್ತೀನಿ" ಅಂದಿರಿ. ಬೇಕಾದ ಹತ್ಯಾರುಗಳನ್ನೂ ಹೇಳಿ ಬರೆಸಿದಿರಿ.

"ಬಾಯಿ ತೆರೆದ ಸ್ಪ್ಯಾನರ್ ಬ್ಯಾಡ, ನಟ್ಟಿನ ಮೂಲೆ ತಿಂದು ಹಾಕ್ತದೆ. ಸುತ್ತ ಹಿಡಿಯೋ ರಿಂಗ್ ಸ್ಪ್ಯಾನರ್ ತಗಾ. ಜ್ಯಾಕ್ ಒಂದನ್ನೇ ನಂಬ್ಬೇಡ, ಕೆಳಗೆ ಹಲಸಿನ ದಿಮ್ಮಿ ಇಡು. ಕ್ಲಾಂಪು ಮಾತ್ರ ಎಲ್ಲೂ ಮಾಡಿಸ್ಬೇಡ. ಹುಸೇನ್ ಸಾಬ್ರ ಹತ್ರ ಒಳ್ಳೇ ಜೊತೆ ಅದೆ, ಕೇಳಿ ತಗಂಬಾ. ಅದಿಲ್ದೆ ನಾನು ಸ್ಪ್ರಿಂಗಿಗೆ ಕೈ ಹಾಕಲ್ಲ."

ಒತ್ತಿದ ಸ್ಪ್ರಿಂಗು ಜಿಗಿಯದಂತೆ ಹಿಡಿದಿಡುವ ಎರಡು ಉದ್ದನೆಯ ತಿರುಪು, ತುದಿಗಳಲ್ಲಿ ಕೊಕ್ಕೆ — ಅಷ್ಟೇ ಅದು. ಅಂಥ ಸ್ಪ್ರಿಂಗಿನಲ್ಲಿ ಎಷ್ಟು ಬಲ ಅಡಗಿರುತ್ತದೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವನು ನಾನೇ, ಭಾವ. ತಿಳಿಯದೆ ಮಾಡಿದೆ ಎನ್ನುವ ಬಾಗಿಲು ನನಗಿಲ್ಲ.

ಗುರುವಾರ ತೀರ್ಥಹಳ್ಳಿಗೆ ಹೋದೆ. ಗ್ಯಾರೇಜಿನ ಎದುರು ರಸ್ತೆಯ ಈಚೆ ಬದಿಯಲ್ಲಿ ನಿಂತೆ. ದಾಟಲಿಲ್ಲ. ನಿಮಗೆ ಹೇಳದ ಒಂದು ಸಂಗತಿಯಿತ್ತು. ಎರಡು ತಿಂಗಳ ಹಿಂದೆ, ನನ್ನ ಹೊಸ ಬ್ಯಾಟರಿ ತೆಗೆದು ಹಳೆಯದನ್ನು ಹಾಕಿದ್ದಾರೆಂದು ಅದೇ ಗ್ಯಾರೇಜಿನಲ್ಲಿ, ಹತ್ತು ಜನರೆದುರು ಸಾಬರನ್ನು ಕಳ್ಳ ಎಂದಿದ್ದೆ. ಮನೆಗೆ ಬಂದು ನೋಡಿದರೆ ಬ್ಯಾಟರಿ ನನ್ನದೇ. ಕ್ಷಮೆ ಕೇಳಿರಲಿಲ್ಲ. ಈಗ ಅವರ ಮುಂದೆ ನಿಂತು ಹೇಗೆ ಕೈ ಚಾಚುವುದು? ತಿರುಗಿ ಬಸ್ಸು ಹತ್ತಿದೆ.

ಹೊಸನಗರದಲ್ಲಿ ಗಾಡಿಚಕ್ರಕ್ಕೆ ಪಟ್ಟಿ ಕಟ್ಟುವ ಕಮ್ಮಾರನಿಂದ ಕೊಕ್ಕೆ ತಿರುಪು ಮಾಡಿಸಿದೆ. "ಎಂಥದಕ್ಕೆ ಮೇಷ್ಟ್ರೇ?" ಎಂದು ಕೇಳಿದ. ಹಟ್ಟಿಯ ಗೇಟಿಗೆ ಎಂದೆ. ನಿಜ ಹೇಳಿದ್ದರೆ ಅವನು ಮಾಡಿಕೊಡುತ್ತಿರಲಿಲ್ಲವೇನೋ. ಮನೆಗೆ ತಂದು, ಹೊಸದೆಂದು ಕಾಣದಿರಲೆಂದು ಅದಕ್ಕೆ ಹಳೆಯ ಗ್ರೀಸು ಬಳಿದೆ. ಹೌದು, ಬಳಿದೆ. ಇದನ್ನು ಬರೆಯುವಾಗ, ಬಳಿದವನು ಯಾರೋ ಬೇರೆಯವನೆನ್ನಿಸುತ್ತದೆ — ಆದರೆ ಅಲ್ಲ.

ಭಾನುವಾರ ಬೆಳಿಗ್ಗೆ ನೀವು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಿರಿ.

"ಸಾಬ್ರದ್ದೇನಾ?"

"ಅವರದ್ದೇ, ಭಾವ."

ಮತ್ತೆ ನೀವು ನೋಡಲಿಲ್ಲ. ಹಳೆಯ ಸ್ಪ್ರಿಂಗು ಅರ್ಧ ಹೊರಗೆ ಬಂದಿತ್ತು. ಒಂದು ಕೊಕ್ಕೆ ಮೆಲ್ಲಗೆ ಬಾಯಿ ಬಿಡುವುದು ನನಗೆ ಕಂಡಿತು. ಕೂಗಬೇಕಿತ್ತು. ಕೂಗಲಿಲ್ಲ. ಬಂದೂಕು ಹಾರಿದಂತೆ ಸದ್ದಾಯಿತು. ಕಾರಿನ ಹೊಟ್ಟೆಯಿಂದ ಚಿಮ್ಮಿದ ಸ್ಪ್ರಿಂಗು ಗೋಡೆಗೆ ಬಡಿದು ಅಂಗಳದಲ್ಲಿ ಉರುಳುತ್ತಿತ್ತು. ನೀವು ಕಿರುಚಲಿಲ್ಲ. ನಿಮ್ಮ ಕೈಯನ್ನು ನೋಡಿ, ಅದು ಯಾರದೋ ಕೈ ಎಂಬ ಹಾಗೆ, "ಅರೆ!" ಅಂದಿರಿ. ಆ ಒಂದು ಸದ್ದು...

ತೀರ್ಥಹಳ್ಳಿಯ ಆಸ್ಪತ್ರೆಗೆ ಜೀಪಿನಲ್ಲಿ ಕರೆದೊಯ್ಯುವಾಗ ನೀವು ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಮಾತು: "ಸಾಬ್ರ ಕ್ಲಾಂಪು ಹಿಂಗೆ ಮಾಡ್ತಲ್ಲ!" ಡಾಕ್ಟರು ಮೂರು ಬೆರಳು ತೆಗೆದರು. ಸಂಜೆಯ ಹೊತ್ತಿಗೆ ಸುದ್ದಿ ಕೇಳಿ ಸಾಬರೇ ಓಡಿಬಂದರು. ನೀವು ಒಳಗೆ ಎಚ್ಚರವಿಲ್ಲದೆ ಮಲಗಿದ್ದಿರಿ. ಅಕ್ಕ ವರಾಂಡದ ಬೆಂಚಿನ ಮೇಲಿದ್ದಳು.

"ಮೇಷ್ಟ್ರೇ, ನನ್ನ ಕ್ಲಾಂಪು ಅಂತಿದಾರೆ ಎಲ್ರೂ. ನಾನು ಯಾವಾಗ ಕೊಟ್ಟೆ ನಿಮಗೆ?"

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು.

"ಗುರುವಾರ ನೀವೇ ಕೊಟ್ರಲ್ಲ, ಸಾಬ್ರೇ."

ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ಹೇಳಿದೆ! ಅಷ್ಟು ಸಲೀಸಾಗಿ ಬಂತಲ್ಲ ಎಂದು ನಾನೇ ಬೆಚ್ಚಿದೆ. ಸಾಬರು ಜಗಳವಾಡಲಿಲ್ಲ. ಹೊರಟುಹೋದರು. ಊರು ನನ್ನನ್ನೇ ನಂಬಿತು. ಲಾರಿಯವರು ಒಬ್ಬೊಬ್ಬರಾಗಿ ಅವರ ಗ್ಯಾರೇಜು ಬಿಟ್ಟರು. ಎರಡು ವರ್ಷಕ್ಕೆ ಅದು ಮುಚ್ಚಿತು. ನೀವು ಹತ್ಯಾರು ಹಿಡಿಯುವ ಕೆಲಸ ಬಿಟ್ಟು, ತುಮರಿಗೆ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಎಡಗೈಯಿಂದ ಟಿಕೆಟ್ ಹರಿಯುವವರಾದಿರಿ. ಸಾಬರ ಹೆಸರೆತ್ತಿದರೆ ಇಂದಿಗೂ ಉಗುಳುತ್ತೀರಿ. ಪ್ರತಿ ಸಲ ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಹೋದ ವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನಮಸ್ಕಾರ ಮಾಡಿದಳು. ಸಾಬರ ಮಗಳು ನಸೀಮಾ. ಈಗ ಅವಳೂ ಟೀಚರು. ತಂದೆ ತೀರಿಕೊಂಡು ವರ್ಷವಾಯಿತಂತೆ. ಆಮೇಲೆ ತಾನಾಗಿಯೇ ಹೇಳಿದಳು:

"ಅಬ್ಬಾಗೆ ಕಡೇವರೆಗೂ ಅದೇ ಕೊರಗು ಸರ್. ಗ್ಯಾರೇಜಲ್ಲಿ ಕ್ಲಾಂಪು ಎಷ್ಟು ಜೊತೆ ಇದ್ವೋ ಲೆಕ್ಕ ಇಟ್ಟಿರ್ಲಿಲ್ಲ, ಕೊಟ್ಟಿದ್ದು ನೆನಪೇ ಬರ್ತಿಲ್ಲ, ಆದ್ರೆ ಮೇಷ್ಟ್ರು ಸುಳ್ಳು ಹೇಳ್ತಾರಾ, ನಾನೇ ಕೊಟ್ಟು ಮರೆತೆ, ಒಬ್ಬರ ಕೈ ತೆಗೆದೆ ಅಂತಿದ್ರು. ನಮಾಜಿನಲ್ಲಿ ಅಳ್ತಿದ್ರು."

ಅವರು ನನ್ನನ್ನು ಶಪಿಸುತ್ತಿದ್ದಾರೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವರು — ನಾನು ಕಳ್ಳ ಎಂದಿದ್ದ ಆ ಮನುಷ್ಯ — ನನ್ನನ್ನು ನಂಬಿದ್ದರು!

ಅಲ್ಲೇ, ಜನರ ನಡುವೆಯೇ, ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. "ಅಬ್ಬಾ ಇದ್ದಾಗ ಹೇಳ್ಬೇಕಿತ್ತು" ಎಂದಳು. ಬಸ್ಸು ಹತ್ತಿ, ಕಿಟಕಿಯ ಕಡೆಗೆ ತಿರುಗಲೇ ಇಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ಬಂದು, ನಿಮ್ಮ ಮತ್ತು ಅಕ್ಕನ ಎದುರು ನಿಂತು ಓದುತ್ತೇನೆ. ನೀವು ಏನು ಮಾಡಿದರೂ ಅದು ನಿಮ್ಮದು. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ — ಓದುತ್ತಾ ನಡುವೆ ನನ್ನ ದನಿ ನಿಂತರೆ, ಬಿಟ್ಟುಬಿಡಬೇಡಿ. ಮುಂದೆ ಓದು ಎನ್ನಿ.