ಆ ಕೈಗೊಂದು ಗ್ರಿಪ್

ದುಬೈಯ ಶೂಟಿಂಗ್ ಕ್ಲಬ್ಬೊಂದರ ಅಂಗಡಿಯಲ್ಲಿ ನನಗೆ ಕೆಲಸ. ರಿವಾಲ್ವರಿನ ಹಿಡಿಕೆ, ಅಂದರೆ ಗ್ರಿಪ್ಪು, ಯಾರ ಕೈಗೆ ಯಾವುದು ಹೊಂದುತ್ತದೆಂದು ನೋಡಿ ಕೂರಿಸಿಕೊಡುತ್ತೇನೆ. ಬಂದವರ ಮುಖಕ್ಕಿಂತ ಮೊದಲು ಅಂಗೈ ನೋಡುವ ಚಾಳಿ ಬಿದ್ದುಬಿಟ್ಟಿದೆ.

ಪ್ರತಿ ಗುರುವಾರ ಬೆಳಿಗ್ಗೆ ಹಿರಿಯರೊಬ್ಬರು ಬರುತ್ತಿದ್ದರು. ಇಲ್ಲಿಯವರೇ, ಪೊಲೀಸ್ ಕೆಲಸದಿಂದ ನಿವೃತ್ತರಾದವರು. ಅವರ ರಿವಾಲ್ವರು ಫೋರ್ಟಿಫೋರ್ ಮ್ಯಾಗ್ನಮ್. ಹಾರಿಸಿದರೆ ಕುದುರೆ ಒದ್ದ ಹಾಗೆ ಹಿಂದಕ್ಕೆ ಒದೆಯುತ್ತದೆ. ಅವರಿಗೋ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ.

"ಈ ಹಿಡಿಕೆ ಕೈ ಕಚ್ಚುತ್ತದೆ. ಬೇರೆ ಕೊಡು," ಎಂದರು ಒಂದು ದಿನ, ತಮ್ಮ ಹರಕು ಹಿಂದಿಯಲ್ಲಿ.

ಮೊದಲು ಹಿಂಬದಿಯನ್ನೂ ಮುಚ್ಚುವ ದಪ್ಪ ರಬ್ಬರಿನದು ಹಾಕಿದೆ. ಒದೆತ ತಗ್ಗಿತು, ಆದರೆ ತೋರುಬೆರಳು ಟ್ರಿಗರಿಗೆ ಸರಿಯಾಗಿ ತಲುಪಲಿಲ್ಲ. ತೆಳುವಾದದ್ದು ಹಾಕಿದರೆ ಬೆರಳು ತಲುಪಿತು, ಉಕ್ಕು ನೇರವಾಗಿ ಹೆಬ್ಬೆರಳಿನ ಬುಡಕ್ಕೇ ಬಡಿಯಿತು. ಬೆರಳುಗಳು ಕೂರಲು ತಗ್ಗು ಕೊರೆದದ್ದು ತೋರಿಸಿದೆ. ಅದರ ಏಣುಗಳು ಊದಿದ ಗೆಣ್ಣುಗಳ ಮೇಲೇ ಕೂರುತ್ತಿದ್ದವು. ಹಗುರವಾದ ತೋಟೆ ಬಳಸಿ ಎಂದರೆ, "ನಾನೇನು ಮಗುವಾ?" ಎಂದರು. ಕೊನೆಗೆ ಅವರ ಕೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಅಲ್ ಕೂಜ್‌ನ ಬಡಗಿಯೊಬ್ಬರಿಂದ ವಾಲ್‌ನಟ್ ಮರದ ತುಂಡು ತಂದು, ನಾನೇ ಅರ ಹಿಡಿದು ಕೂತೆ.

ಅದು ಮುಗಿಯುವ ಹೊತ್ತಿಗೆ ಅವರ ಮಗಳು ಒಬ್ಬರೇ ಬಂದರು.

"ಭಾಯ್, ಇನ್ನು ಶೂಟಿಂಗ್ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಹೊಂದುವ ಗ್ರಿಪ್ಪೇ ಇಲ್ಲ, ಖಲಾಸ್ ಅಂತ ನೀವು ಹೇಳಿ. ನನ್ನ ಮಾತು ಕೇಳುವುದಿಲ್ಲ, ನಿಮ್ಮದು ಕೇಳುತ್ತಾರೆ."

ಆಯಿತೆಂದೆ.

ಗುರುವಾರ ನಾನು ಬಾಯಿ ತೆರೆಯುವ ಮುನ್ನವೇ ಹಿರಿಯರು ಮೇಜಿನ ಮೇಲಿದ್ದ ಮರದ ಹಿಡಿಕೆಯನ್ನು ಕೈಗೆತ್ತಿಕೊಂಡರು. "ನನಗಾಗಿ ಮಾಡಿದ್ದಾ?" ಎಂದು ಅದನ್ನು ಸವರಿದರು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಅದನ್ನು ಕೂರಿಸಿಕೊಟ್ಟೆ.

ರೇಂಜಿನಲ್ಲಿ ಮೊದಲ ಗುಂಡಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ರಿವಾಲ್ವರು ಅಂಗೈಯೊಳಗೇ ತಿರುಗಿಬಿಟ್ಟಿತು. ಪಕ್ಕದಲ್ಲಿದ್ದ ನಮ್ಮ ಮಂಗಳೂರಿನ ಇನ್‌ಸ್ಟ್ರಕ್ಟರ್ ಅವರ ಮಣಿಕಟ್ಟನ್ನು ಹಿಡಿದುಕೊಂಡ. ಹೆಬ್ಬೆರಳಿನ ಸಂದಿಯಲ್ಲಿ ರಕ್ತ. ಹಿರಿಯರು ಕರವಸ್ತ್ರ ಒತ್ತಿಕೊಂಡು, "ಬಹಳ ಚೆನ್ನಾಗಿದೆ. ಇಲ್ಲಿ ಚೂರು ತೆಗೆದರೆ ಸಾಕು," ಎಂದರು.

ಅವರು ಹೋದ ಮೇಲೆ ಇನ್‌ಸ್ಟ್ರಕ್ಟರ್ ಅಂಗಡಿಗೆ ಬಂದ. ಮಗಳು ಹೇಳಿಹೋದದ್ದನ್ನು ಅವನಿಗೆ ತಿಳಿಸಿದೆ. "ಎಂತ ಮಾರಾಯ್ರೇ, ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?"

"ಹೇಗೆ ಹೇಳುದು? ಅವ್ರ ಮುಖ ನೋಡಿದ್ರಾ ನೀವು?"

"ನೋಡ್ದೆ. ಆದ್ರೆ ಇನ್ನು ತೋಟೆ ಹಾಕ್ಲಿಕ್ಕೆ ನಾನು ಬಿಡುದಿಲ್ಲ. ಮಾಫಿ, ಇಲ್ಲ ಅಂದ್ರೆ ಇಲ್ಲ."

ಬಿಡಲೂ ಇಲ್ಲ. ಆಮೇಲೆಯೂ ಐದಾರು ಗುರುವಾರ ಹಿರಿಯರು ನನ್ನ ಅಂಗಡಿಗೆ ಬಂದರು. ಖಾಲಿ ರಿವಾಲ್ವರನ್ನು ಹಿಡಿದು ನೋಡಿ, "ಇನ್ನೂ ಚೂರು," ಎನ್ನುತ್ತಿದ್ದರು. ತೆಗೆಯಲು ಮರವೇ ಉಳಿದಿರಲಿಲ್ಲ. ಅವರೆದುರಿಗೆ ಮರಳುಕಾಗದವನ್ನು ಸುಮ್ಮನೆ ಆಡಿಸಿ, ಇಲ್ಲದ ಪುಡಿಯನ್ನು ಊದಿ ಕೊಡುತ್ತಿದ್ದೆ.

ರಂಜಾನ್ ಕಳೆದ ಮೇಲೆ ಅವರು ಬರಲಿಲ್ಲ. ಮಗಳು ಫೋನ್ ಮಾಡಿದರು. ಆ ಕೈಯಲ್ಲಿ ಈಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿಲ್ಲವಂತೆ.

"ನೀವು ಅವರಿಗೆ ಹೇಳಿದ್ದಿರಾ, ಭಾಯ್?"

ಇಲ್ಲವೆಂದೆ. ಆಕೆ ಬಯ್ಯಲಿಲ್ಲ. ಫೋನಿಟ್ಟರು.